ಅಳಿಯ ತಂದ ಕಾಯ್ದೆ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಮೂರು ತಲೆಮಾರಿನಿಂದ ರಾಜಕಾರಣ ಮಾಡಿಕೊಂಡು ಬಂದ ಮನೆಗೆ ಸೊಸೆಯಾಗಿ ಹೋದ ಮೇಲೆ ವರದಿಗಾರ್ತಿಯ ಕೆಲಸದಲ್ಲಿ ಮುಂದುವರಿಯಬಹುದೇ ಎಂದು ಕೇಳಿದ್ದೀಯೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಉಪದೇಶಕ್ಕಿಂತ, ಇದೇ ಪೇಚಿನಲ್ಲಿ ಹದಿನೆಂಟು ವರ್ಷ ಬಾಳಿದವರೊಬ್ಬರ ಕಥೆ ನಿನ್ನ ಉಪಯೋಗಕ್ಕೆ ಬಂದೀತು.

ಫಿರೋಜ್ ಗಾಂಧಿಯವರನ್ನು ನಿನ್ನ ತಲೆಮಾರಿನವರು ಇಂದಿರಾ ಅವರ ಪತಿ ಎಂದಷ್ಟೇ ಬಲ್ಲರು. 1912ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ ಹುಡುಗ ಅವರು, ಬೆಳೆದದ್ದು ಅಲಹಾಬಾದಿನಲ್ಲಿ. 1942ರ ಮಾರ್ಚ್ 26ರಂದು ಅಲಹಾಬಾದಿನ ನೆಹರೂ ಮನೆ ಆನಂದ ಭವನದಲ್ಲಿ ಮದುವೆಯಾಯಿತು. ನೆಹರೂ ಜೈಲಿನಲ್ಲಿ ಕೂತು ನೂತ ನೂಲಿನಿಂದ ನೇಯ್ದ ನಸುಗೆಂಪು ಖಾದಿ ಸೀರೆಯನ್ನು ಮದುಮಗಳು ಉಟ್ಟಿದ್ದರು. (ನಿನ್ನ ಅಮ್ಮ ಮೊಳಕಾಲ್ಮೂರು ಸೀರೆಯೇ ಆಗಬೇಕೆಂದು ಹಟ ಹಿಡಿದಿರುವುದು ಬೇರೆ ಮಾತು.) ಆರು ತಿಂಗಳಾಗುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಸೆರೆಮನೆ ಸೇರಿದ್ದರು.

1946ರಲ್ಲಿ ಅವರು ಲಕ್ನೋದ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ವ್ಯವಸ್ಥಾಪಕ ನಿರ್ದೇಶಕರಾದರು. ಆ ಪತ್ರಿಕೆಯನ್ನು 1938ರಲ್ಲಿ ಆರಂಭಿಸಿದವರು ನೆಹರೂ. ಅಂದರೆ ಹೆಂಡತಿಯೂ ಮಾವನ ಮನೆಯವಳು, ಕೆಲಸವೂ ಮಾವನ ಪತ್ರಿಕೆಯದು. ಇಂಥವರನ್ನು ನಮ್ಮ ಕಡೆ ಮನೆಅಳಿಯ ಎಂದು ಆಡಿಕೊಳ್ಳುತ್ತಾರೆ. ಅವರು ಆ ಮಾತಿಗೆ ಉತ್ತರ ಕೊಟ್ಟದ್ದು ಲೋಕಸಭೆಯಲ್ಲಿ.

1952ರಲ್ಲಿ ರಾಯ್‌ಬರೇಲಿಯಿಂದ ಗೆದ್ದು ಬಂದ ಅವರು, 1955ರ ಡಿಸೆಂಬರಿನಲ್ಲಿ ಒಬ್ಬ ದೊಡ್ಡ ಉದ್ಯಮಿಯ ವಿಮಾ ಕಂಪನಿಯ ಹಣ ಎಲ್ಲೆಲ್ಲಿಗೆ ಹರಿಯಿತೆಂಬುದನ್ನು ಸದನದಲ್ಲಿ ಬಿಚ್ಚಿಟ್ಟರು. ಸದನದಲ್ಲಿ ಆಡಿದ ಮಾತಿಗೆ ಸದಸ್ಯನಿಗೆ ಸಂವಿಧಾನದ ರಕ್ಷಣೆ ಇತ್ತು. ಅದನ್ನೇ ಅಚ್ಚು ಹಾಕಿದ ಪತ್ರಿಕೆಗೆ ಕಾಯ್ದೆಯ ಅಂಥ ಆಸರೆ ಇರಲಿಲ್ಲ, ಮಾನನಷ್ಟದ ಮೊಕದ್ದಮೆ ಎದುರಿಸಬೇಕಾಗಿತ್ತು. ಬರಿಯ ರಾಜಕಾರಣಿಯಾಗಿದ್ದರೆ ಈ ಕೊರತೆ ಕಣ್ಣಿಗೆ ಬೀಳುತ್ತಿತ್ತೇ ಎಂದು ನನಗೆ ಅನುಮಾನ. ಸಚಿವರಲ್ಲದ ಸದಸ್ಯರು ತರಬಹುದಾದ ಖಾಸಗಿ ಸದಸ್ಯರ ಮಸೂದೆ ತಂದು, 1956ರಲ್ಲಿ ಅದನ್ನು ಕಾಯ್ದೆ ಮಾಡಿಸಿಕೊಂಡರು: ಸಂಸತ್ತಿನ ಕಲಾಪದ ಬಹುಮಟ್ಟಿಗೆ ನಿಜವಾದ ವರದಿಯನ್ನು ದುರುದ್ದೇಶವಿಲ್ಲದೆ ಪ್ರಕಟಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ಆ ಕಾಯ್ದೆಯ ಬೆಲೆ ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ರಾತ್ರಿ ಪಾಳಿಯಲ್ಲಿ. ಟೆಲಿಪ್ರಿಂಟರಿನಿಂದ ಹರಿದುಕೊಂಡು ತಂದ ಲೋಕಸಭೆಯ ವರದಿಯಲ್ಲಿ ಭಾರೀ ಕುಳವೊಂದರ ಹೆಸರಿತ್ತು. ಅಂಜಿಕೊಂಡು ಅದಕ್ಕೆ ಕಾಟು ಹೊಡೆದೆ. ಮುಖ್ಯ ಉಪಸಂಪಾದಕರು ಕನ್ನಡಕ ಹಣೆಗೇರಿಸಿ, "ಸದನದಲ್ಲಿ ಆಡಿದ್ದು ತಾನೇ? ಕಡತದಿಂದ ತೆಗೆದಿಲ್ಲ ತಾನೇ?" ಎಂದು ಕೇಳಿ, ಕೆಂಪು ಪೆನ್ನಿನಲ್ಲಿ ಆ ಹೆಸರನ್ನು ಮತ್ತೆ ಬರೆದರು.

ಇನ್ನು 1957ರ ಡಿಸೆಂಬರಿನ ಕಥೆ ನಿನಗೆ ಗೊತ್ತೇ ಇದೆ. ಜೀವವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಸುರಿದದ್ದನ್ನು, ಆಡಳಿತ ಪಕ್ಷದ ಸಾಲಿನಲ್ಲೇ ಕೂತಿದ್ದ ಪ್ರಧಾನಿಯ ಅಳಿಯ ಎತ್ತಿ ಆಡಿದರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು; 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಇದಕ್ಕೆ ಅವರು ತೆತ್ತ ಬೆಲೆಯನ್ನು ನಿನ್ನಿಂದ ಮುಚ್ಚಿಡಲಾರೆ. ಹೆಂಡತಿ ಮಕ್ಕಳು ಪ್ರಧಾನಿ ನೆಹರೂ ಅವರ ನಿವಾಸವಾದ ತೀನ್ ಮೂರ್ತಿ ಭವನದಲ್ಲಿದ್ದರೆ, ಅವರು ಸಂಸತ್ ಸದಸ್ಯರಿಗೆ ಕೊಡುವ ಬೇರೆ ಬಂಗಲೆಯಲ್ಲಿದ್ದರು. 1960ರ ಸೆಪ್ಟೆಂಬರ್ 8ರಂದು, ನಲವತ್ತೆಂಟು ತುಂಬಲು ನಾಲ್ಕು ದಿನವಿರುವಾಗ, ಹೃದಯಾಘಾತದಿಂದ ತೀರಿಕೊಂಡರು. ಸಂಸಾರ ಸೊರಗಿದ್ದಕ್ಕೆ ಅವರ ಪತ್ರಿಕಾವೃತ್ತಿಯೊಂದೇ ಕಾರಣವೆಂದು ನಾನು ಹೇಳಲಾರೆ. ಗಂಡ ಹೆಂಡಿರ ನಡುವಿನದು ಹೊರಗಿನವರ ಲೆಕ್ಕಕ್ಕೆ ಸಿಗುವಂಥದಲ್ಲ.

ಅವರ ಕಾಯ್ದೆಯನ್ನು ತುರ್ತುಪರಿಸ್ಥಿತಿಯಲ್ಲಿ, 1975ರ ಡಿಸೆಂಬರಿನಲ್ಲಿ, ಸುಗ್ರೀವಾಜ್ಞೆಯ ಮೂಲಕ ರದ್ದು ಮಾಡಲಾಯಿತು. ಆಗ ಪ್ರಧಾನಿಯಾಗಿದ್ದವರು ಅವರ ಹೆಂಡತಿ. 1977ರಲ್ಲಿ ಜನತಾ ಸರ್ಕಾರ ಅದನ್ನು ಮತ್ತೆ ತಂದಿತು. ಮರುವರ್ಷ 44ನೆಯ ತಿದ್ದುಪಡಿ ವಿಧಾನಮಂಡಲಗಳ ವರದಿಗೂ ಅದೇ ರಕ್ಷಣೆಯನ್ನು ಸಂವಿಧಾನದಲ್ಲೇ ಬರೆಯಿಸಿತು. ವಿಧಾನಸೌಧದ ಪತ್ರಕರ್ತರ ಗ್ಯಾಲರಿಯಲ್ಲಿ ಕೂತು ನೀನು ಬರೆಯುವ ಪ್ರತಿ ಸಾಲಿಗೂ ಈಗ ಅದರ ನೆರಳಿದೆ.

ಆದ್ದರಿಂದ ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಆದರೆ ಮಾವನವರ ಖಾತೆಯ ಸುದ್ದಿಯನ್ನು ನೀನು ಬರೆಯಬೇಡ, ಬೇರೆಯವರು ಬರೆದಾಗ ತಡೆಯಲೂ ಬೇಡ. ಇದನ್ನು ನಿನ್ನ ಸಂಪಾದಕರಿಗೆ ಮದುವೆಗೆ ಮೊದಲೇ ಲಿಖಿತವಾಗಿ ತಿಳಿಸಿಬಿಡು. ಬರುವ ಭಾನುವಾರ ಬೀಗರು ಮಾತುಕತೆಗೆ ಬರುತ್ತಾರೆ. ಕೆಲಸದ ವಿಷಯವನ್ನು ಅವರೆದುರು ನೀನೇ ಎತ್ತಬೇಕು. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ ಅಪ್ಪ