ಉಣ್ಣೆ ಜ್ವರ: ಇಂಜೆಕ್ಷನ್ ಜತೆ ಲಸಿಕೆಯ ಮಾತೂ ಬರಲಿ

ಮಾನ್ಯ ಸಂಪಾದಕರೇ,

ದನಗಳ ಉಣ್ಣೆ ಜ್ವರದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹ ಬರುತ್ತದೆ. ದನದ ಮೈಯ ರಕ್ತ ಹೀರುವ ಉಣ್ಣೆ ತೆಗೆಯಿರಿ, ಜ್ವರ ಬಂದರೆ ಇಂಜೆಕ್ಷನ್ ಕೊಡಿಸಿ ಎಂಬಲ್ಲಿಗೆ ಹೆಚ್ಚಿನವು ಮುಗಿದುಬಿಡುತ್ತವೆ. ರೋಗ ಬರುವ ಮೊದಲೇ ದನಕ್ಕೆ ತಡೆಯುವ ಶಕ್ತಿ ಕೊಡಬಹುದು ಅನ್ನೋದು ಎಷ್ಟೋ ಹೈನುಗಾರರಿಗೆ ಗೊತ್ತೇ ಇಲ್ಲ. ಪಶುವೈದ್ಯನಾಗಿ ನನ್ನನ್ನು ಕಾಡುವ ವಿಷಯ ಇದು.

ಈ ಜ್ವರ ತರುವ ಥೈಲೇರಿಯಾ ಅನ್ಯುಲೇಟಾ ಎಂಬ ಪರಾವಲಂಬಿ ಜೀವಿ ಹಯಲೋಮಾ ಜಾತಿಯ ಉಣ್ಣೆಯ ಜೊಲ್ಲಿನಿಂದ ದನದ ಮೈಗೆ ಬರುತ್ತದೆ. ಮೊದಲು ಬಿಳಿ ರಕ್ತಕಣ ಹೊಕ್ಕು, ಆ ಕಣ ಎರಡಾದಾಗೆಲ್ಲ ತಾನೂ ಜತೆಗೇ ಹೆಚ್ಚುತ್ತದೆ. ಕೆಂಪು ಕಣಕ್ಕೆ ಕೈ ಹಾಕುವುದು ಆಮೇಲೆ. ಜ್ವರ 104ರಿಂದ 106 ಡಿಗ್ರಿವರೆಗೂ ಏರುತ್ತದೆ. ಭುಜದ ಮುಂದೆ ಕೈಯಾಡಿಸಿದರೆ ಚರ್ಮದಡಿ ಊದಿದ ಗಡ್ಡೆ ಸಿಗುತ್ತದೆ. ಹಸು ಮೇವು ಬಿಡುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ. ನಾಟಿ ದನ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಮಿಶ್ರತಳಿಗೆ ಜೀವಕ್ಕೇ ಕುತ್ತು.

ಇದಕ್ಕೆ ಬುಪಾರ್ವಕ್ವೋನ್ ಒಳ್ಳೆಯ ಔಷಧ. ಕಿಲೋ ತೂಕಕ್ಕೆ 2.5 ಮಿಲಿಗ್ರಾಂನಂತೆ ಕುತ್ತಿಗೆಯ ಮಾಂಸಖಂಡಕ್ಕೆ ಕೊಡುತ್ತೇವೆ, ಬೇಕಾದರೆ 48ರಿಂದ 72 ಗಂಟೆ ಬಿಟ್ಟು ಇನ್ನೊಂದು ಸಲ. ಆದರೆ ಬೇಗ ಕೊಟ್ಟರೆ ಮಾತ್ರ ಅದರ ಗುಣ. ರಕ್ತವೆಲ್ಲ ಇಳಿದ ಮೇಲೆ ಔಷಧ ಒಂದೇ ಸಾಲದು, ರಕ್ತ ಕೊಡಬೇಕಾಗಬಹುದು. ಮೂತ್ರ ಕೆಂಪಗಾಗುವ ಬಬೇಸಿಯಾ ಎಂಬ ಇನ್ನೊಂದು ರೋಗ ಕೂಡ ಉಣ್ಣೆಯಿಂದಲೇ ಬರುತ್ತದೆ. ಅದಕ್ಕೆ ಡಿಮಿನಜೀನ್ ಅಥವಾ ಇಮಿಡೋಕಾರ್ಬ್ ಎಂಬ ಬೇರೆ ಔಷಧ ಬೇಕು. ಅದಕ್ಕೇ ಇಂಜೆಕ್ಷನ್‌ಗೆ ಮೊದಲು ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿ ಅನ್ನೋದು. ತೂಕವನ್ನು ಸುಮ್ನೆ ಅಂದಾಜು ಮಾಡಿ ಕಡಿಮೆ ಕೊಡುವುದೂ ತಪ್ಪು. ಇರಾನ್, ಟುನೀಶಿಯಾಗಳಲ್ಲಿ ಈ ಔಷಧಕ್ಕೆ ಬಗ್ಗದ ಥೈಲೇರಿಯಾ ಆಗಲೇ ಕಾಣಿಸಿಕೊಂಡಿದೆ.

ಚೇತರಿಸಿಕೊಂಡ ದನದ ರಕ್ತದಲ್ಲಿ ಕೆಲವು ಜೀವಿಗಳು ಉಳಿದೇ ಇರುತ್ತವೆ. ಅವು ಇರುವಷ್ಟು ದಿನ ಮತ್ತೆ ಜೋರಾಗಿ ರೋಗ ಬರದಂತೆ ಮೈ ಎಚ್ಚರವಾಗಿರುತ್ತದೆ. ಹೀಗಿರುವಾಗ ಮೇಯುತ್ತಾ, ಹಾಲು ಕೊಡುತ್ತಾ ಚೆನ್ನಾಗಿರುವ ಹಸುವಿನ ರಕ್ತದಲ್ಲಿ ಒಂದೆರಡು ಜೀವಿ ಕಂಡವೆಂದು ಮತ್ತೆ ಮತ್ತೆ ಚುಚ್ಚುವುದು ದುಡ್ಡಿಗೂ ದಂಡ, ದನಕ್ಕೂ ಹಿಂಸೆ. ಆದರೆ ಅದನ್ನು ಕಚ್ಚಿದ ಉಣ್ಣೆ ಪಕ್ಕದ ಕರುವಿಗೆ ರೋಗ ಒಯ್ಯಬಹುದು. ಹಯಲೋಮಾ ದನದ ಮೈಮೇಲಷ್ಟೇ ಇರುವುದಿಲ್ಲ, ಕೊಟ್ಟಿಗೆ ಗೋಡೆಯ ಬಿರುಕಿನಲ್ಲೂ ಅಡಗಿರುತ್ತದೆ. ಮೈಗೆ ಮದ್ದು ಸಿಂಪಡಿಸಿ ಬಿರುಕು ಹಾಗೇ ಬಿಟ್ಟರೆ ಏನು ಬಂತು?

ಇದೇ ನಿರೋಧಶಕ್ತಿಯನ್ನು ಲಸಿಕೆಯಿಂದಲೂ ಕೊಡಬಹುದು. ಪ್ರಯೋಗಾಲಯದಲ್ಲಿ ಬೆಳೆಸಿ ಶಕ್ತಿ ಕುಂದಿಸಿದ ಜೀವಂತ ಥೈಲೇರಿಯಾದ ಲಸಿಕೆ ಭಾರತ, ಇಸ್ರೇಲ್, ಟರ್ಕಿ, ಇರಾನ್‌ಗಳಲ್ಲಿ ಬಳಕೆಗೆ ಬಂದಿದೆ. ಆಫ್ರಿಕಾದ ದನಗಳ ಪೂರ್ವ ಕರಾವಳಿ ಜ್ವರಕ್ಕೆ ಬೇರೆ ದಾರಿ: ಅದನ್ನು ತರುವ ಥೈಲೇರಿಯಾ ಪಾರ್ವಾ ಎಂಬ ಜೀವಿಯನ್ನೇ ಚುಚ್ಚಿ, ಜತೆಗೇ ದೀರ್ಘಕಾಲ ಕೆಲಸ ಮಾಡುವ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು ರೋಗ ಏಳದಂತೆ ನೋಡಿಕೊಳ್ಳುತ್ತಾರೆ.

ನಮ್ಮ ಉಣ್ಣೆ ಜ್ವರದ ಲಸಿಕೆ ತಾಜಾ ಇರಬೇಕೆಂದರೆ ಕಡು ಚಳಿಯಲ್ಲೇ ಇಡಬೇಕು, ಕರಗಿದ ಮೇಲೆ ಬೇಗ ಬಳಸಬೇಕು. ಹಾಗಾಗಿ ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಹಲವರು ಸೇರಿ ಕರುಗಳನ್ನು ಒಂದೇ ದಿನಕ್ಕೆ ಒಟ್ಟು ಮಾಡುವುದು ಒಳ್ಳೆಯದು. ಉಣ್ಣೆ ಹೆಚ್ಚುವ ಮೊದಲೇ ಹಾಕಿಸಬೇಕು, ಶಕ್ತಿ ಬರಲು ಕೆಲವು ವಾರ ಬೇಕಲ್ವಾ. ಅದೇ ಹೊತ್ತಿಗೆ ಬುಪಾರ್ವಕ್ವೋನ್ ಕೊಟ್ಟರೆ ಲಸಿಕೆಯ ಜೀವಿಯೂ ಸತ್ತು ಶ್ರಮವೆಲ್ಲ ವ್ಯರ್ಥ. ಮುಂದಿನ ಸಲ ಉಣ್ಣೆ ಜ್ವರದ ಬಗ್ಗೆ ಬರೆಸುವಾಗ ಇಷ್ಟನ್ನಾದರೂ ದಯವಿಟ್ಟು ಅಚ್ಚು ಹಾಕಿ.

— ಒಬ್ಬ ಪಶುವೈದ್ಯ