ಸೆನ್ಸರ್ ಹೋಲಿಕೆಗೆ ಒಂದೇ ಅಳತೆಗೋಲು ಬೇಡವೇ?

ಮಾನ್ಯ ಸಂಪಾದಕರೇ,

ಮಿರರ್‌ಲೆಸ್ ಕ್ಯಾಮೆರಾಗಳ ವಿಮರ್ಶೆ ಎಂದರೆ ಎರಡು ಸೆನ್ಸರ್‌ಗಳ (ಬೆಳಕನ್ನು ಚಿತ್ರವಾಗಿಸುವ ಚಿಪ್) ಚಿತ್ರವನ್ನು ನೂರಕ್ಕೆ ನೂರು, ಅಂದರೆ ಚಿತ್ರದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್‌ನಂತೆ, ಹಿಗ್ಗಿಸಿ ಅಕ್ಕಪಕ್ಕ ಇಡುವುದು, ‘ಇದು ಶಾರ್ಪ್, ಅದು ಮಬ್ಬು’ ಎನ್ನುವುದು ಎಂಬಂತಾಗಿದೆ. ಈ ಲೆಕ್ಕದ ಬುಡವೇ ಸಡಿಲ.

2018ರಲ್ಲಿ ಬಂದ ನಿಕಾನ್ ಝಡ್6 ಮತ್ತು ಝಡ್7 ಜೋಡಿಯನ್ನೇ ನೋಡಿ. ಮೊದಲನೆಯದರ ಚಿತ್ರ 6048 ಪಿಕ್ಸೆಲ್ ಅಗಲ, ಎರಡನೆಯದರದು 8256. ಹಾಗೆ ಹಿಗ್ಗಿಸಿದಾಗ ಝಡ್7ರ ಚಿತ್ರವನ್ನು ಒಂದೂಕಾಲು ಪಟ್ಟಿಗಿಂತಲೂ ದೊಡ್ಡದಾಗಿ ನೋಡುತ್ತಿರುತ್ತೇವೆ. ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು), ಕೈ ಅಲುಗಾಟ, ಲೆನ್ಸ್‌ನ ಕೊರತೆ ಎಲ್ಲವೂ ಅಷ್ಟೇ ದೊಡ್ಡದಾಗುತ್ತವೆ. ಎ3 ಹಾಳೆಗೆ 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಮುದ್ರಿಸಲು ಬೇಕಾದದ್ದು ಸುಮಾರು 4960 ಪಿಕ್ಸೆಲ್ ಅಗಲ ಮಾತ್ರ. ಎರಡನ್ನೂ ಆ ಅಳತೆಗೆ ಇಳಿಸಿದರೆ ವ್ಯತ್ಯಾಸ ಹುಡುಕಬೇಕಾಗುತ್ತದೆ. ಇನ್ನೊಂದು ಸಂಗತಿ: ಝಡ್6ರ ಸೆನ್ಸರ್ ಮುಂದೆ ಲೋ-ಪಾಸ್ ಫಿಲ್ಟರ್ ಇದೆ, ಝಡ್7ಕ್ಕೆ ಇಲ್ಲ. ಆ ಫಿಲ್ಟರ್‌ನ ಮೃದುತ್ವ ದೋಷವಲ್ಲ, ರೇಷ್ಮೆ ಸೀರೆಯ ನೇಯ್ಗೆಯ ಮೇಲೆ ಬಣ್ಣದ ಅಲೆ ಏಳದಂತೆ ತಡೆಯುವ ಉಪಾಯ. ಮದುವೆ ಫೋಟೊ ತೆಗೆಯುವವರಿಗೆ ಇದರ ಬೆಲೆ ಗೊತ್ತು.

ದ್ಯುತಿರಂಧ್ರದ (ಲೆನ್ಸ್‌ನಲ್ಲಿ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ವಿಷಯ ಇನ್ನೂ ಮುಖ್ಯ. ಕಿಂಡಿ ಕಿರಿದಾದಷ್ಟೂ ಬೆಳಕು ಹರಡುತ್ತದೆ: ಎಫ್/16ರಲ್ಲಿ ಹಸಿರು ಬೆಳಕಿನ ಒಂದು ಚುಕ್ಕೆ ಸೆನ್ಸರ್ ಮೇಲೆ ಸುಮಾರು 21 ಮೈಕ್ರಾನ್ ಹರಡುತ್ತದೆ. ಝಡ್7ರ ಪಿಕ್ಸೆಲ್ 4.35 ಮೈಕ್ರಾನ್, ಅಂದರೆ ಚುಕ್ಕೆಯ ವ್ಯಾಸ ಹೆಚ್ಚುಕಡಿಮೆ ಐದು ಪಿಕ್ಸೆಲ್! ಅಲ್ಲಿಗೆ ಹೆಚ್ಚಿನ ಮೆಗಾಪಿಕ್ಸೆಲ್‌ಗೆ ಕೊಟ್ಟ ಹಣದ ಬಹುಪಾಲು ನೀರಿನಲ್ಲಿ ಹೋಮ. ಹೋಲಿಕೆಯನ್ನು ಎಫ್/5.6ರಿಂದ ಎಫ್/8ರೊಳಗೆ ಮಾಡಬೇಕು. ಟ್ರೈಪಾಡ್, 2 ಸೆಕೆಂಡ್ ಟೈಮರ್, ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಶಟರ್‌ನ ಮೊದಲ ಪರದೆಯ ಕೆಲಸವನ್ನು ಸೆನ್ಸರ್ ತಾನೇ ಮಾಡುವ ವ್ಯವಸ್ಥೆ) ಬೇಕೇ ಬೇಕು. 1/100 ಸೆಕೆಂಡಿನ ಆಸುಪಾಸಿನಲ್ಲಿ ಮೆಕ್ಯಾನಿಕಲ್ ಶಟರ್‌ನ ಸಣ್ಣ ಅದುರು ಸಾಕು, ಅಂಚು ಇಬ್ಬಗೆಯಾಗಲು. ಜೆಪೆಗ್ ಬೇಡ, ಪ್ರತಿ ಕಂಪನಿಯೂ ತನ್ನದೇ ಒಗ್ಗರಣೆ ಹಾಕಿರುತ್ತದೆ. ರಾ ಫೈಲನ್ನೇ (ಕ್ಯಾಮೆರಾ ಸಂಸ್ಕರಿಸದ ಮೂಲ ದತ್ತಾಂಶ) ತೆರೆಯಿರಿ. ಲೈಟ್‌ರೂಮ್ ತಂತ್ರಾಂಶ ಅದಕ್ಕೂ ಕೇಳದೆಯೇ 40ರಷ್ಟು ಶಾರ್ಪನಿಂಗ್ ಹಚ್ಚುತ್ತದೆ, ಎರಡರಲ್ಲೂ ಸೊನ್ನೆಗೆ ತನ್ನಿ.

ಚಿಕ್ಕ ಸೆನ್ಸರ್‌ನ ಎಪಿಎಸ್-ಸಿ ಜೊತೆ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಹೋಲಿಸುವಾಗ, ಎರಡರಲ್ಲೂ ಒಂದೇ ನೋಟ ಸಿಗಲು, ಎಪಿಎಸ್-ಸಿಯ 35 ಎಂಎಂ ಲೆನ್ಸ್‌ಗೆ ಎದುರಾಗಿ ಫುಲ್ ಫ್ರೇಮ್‌ನಲ್ಲಿ 50 ಎಂಎಂ, ಎಫ್/5.6ಕ್ಕೆ ಎದುರಾಗಿ ಎಫ್/8 ಇಡಬೇಕು. ಶಟರ್ ವೇಗ ಬದಲಾಗದಿದ್ದರೆ ಫುಲ್ ಫ್ರೇಮ್‌ನ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಒಂದು ಸ್ಟಾಪ್, ಅಂದರೆ ಎರಡರಷ್ಟು, ಏರಿಸಬೇಕಾಗುತ್ತದೆ, ಅದರ ನಾಯ್ಸ್ ಲಾಭವೂ ಬಹುತೇಕ ಅಲ್ಲೇ ಕರಗುತ್ತದೆ. ಕಬಿನಿಯ ನಡುಹಗಲ ಗಾಳಿಯೇ ಅಲುಗಾಡುವ ಬಿಸಿಲ ಝಳದಲ್ಲಿ 600 ಎಂಎಂ ಲೆನ್ಸ್ ಹಿಡಿದು ಸೆನ್ಸರ್ ಬೈಯುವವರಿಗಂತೂ ಯಾವ ಕ್ಯಾಮೆರಾವೂ ನೆರವಾಗದು.

ದುಬಾರಿ ಚಾರ್ಟ್ ಬೇಕಿಲ್ಲ. ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟಗಳನ್ನು ಗೋಡೆಯ ನಡುವೆ ಒಂದು, ಮೂಲೆಗೊಂದರಂತೆ ನಾಲ್ಕು ಅಂಟಿಸಿದರಾಯಿತು. ಮೊದಲು ಕಲಸಿಹೋಗುವುದು ಒತ್ತಕ್ಷರ. ನಾಲ್ಕೂ ಮೂಲೆಯಲ್ಲಿ ಕಲಸಿದ್ದರೆ ಅದು ಲೆನ್ಸ್‌ನ ಮಿತಿ. ಒಂದೇ ಬದಿಯಲ್ಲಿ ಕಲಸಿದ್ದರೆ ಕ್ಯಾಮೆರಾವನ್ನು ತಲೆಕೆಳಗಾಗಿ ಕೂರಿಸಿ ಮತ್ತೊಮ್ಮೆ ತೆಗೆಯಿರಿ. ಮಬ್ಬು ಗೋಡೆಯ ಆಚೆ ಬದಿಗೆ ದಾಟಿದರೆ ವಾಲಿರುವುದು ಲೆನ್ಸ್ ಅಥವಾ ಮೌಂಟ್ (ಲೆನ್ಸ್ ಕೂರುವ ಬಳೆ). ಅಲ್ಲೇ ಉಳಿದರೆ ಟ್ರೈಪಾಡ್ ನಿಲ್ಲಿಸಿದ್ದೇ ಓರೆ.

– ಒಬ್ಬ ಓದುಗ, ಮೈಸೂರು