ಕಾಯಿಕೊರಕದ ಚಿತ್ರ ನಮ್ಮ ವಿದ್ಯಾರ್ಥಿಗಳೇ ತೆಗೆಯಲಿ

ಸಂಪಾದಕರೇ,

ಕಾಫಿ ಕಾಯಿಯನ್ನು ಕೊರೆಯುವ ಕೀಟ ಕಾಯಿಕೊರಕ 2 ಮಿ.ಮೀ. ಕೂಡ ಇರುವುದಿಲ್ಲ. ತೀರಾ ಹತ್ತಿರದಿಂದ ಫೋಟೊ ತೆಗೆಯುವ ಮ್ಯಾಕ್ರೋ ಲೆನ್ಸಿನಲ್ಲಿ ತಲೆ ಸ್ಪಷ್ಟವಾದರೆ ಬೆನ್ನು ಮಸುಕು. ಅದಕ್ಕೇ ಫೋಕಸ್ಸನ್ನು ಚೂರುಚೂರೇ ಸರಿಸುತ್ತಾ ಹತ್ತಾರು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಜೋಡಿಸುತ್ತಾರೆ. ಪ್ರತಿ ಸಲ ಬೆರಳಿನಿಂದ ಬಟನ್ ಒತ್ತಿದರೆ ಕ್ಯಾಮೆರಾ ಅಲುಗಿ ಎಲ್ಲ ದಂಡ.

ಕೈ ಮುಟ್ಟದೆ ಇದನ್ನು ಮಾಡುವುದು ಕಷ್ಟವೇನಲ್ಲ. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಣ ಬೋರ್ಡು, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್, ಸ್ಕ್ರೂ ತಿರುಗಿದಂತೆ ಕ್ಯಾಮೆರಾವನ್ನು ಜರುಗಿಸುವ ಹಳಿ ಇದ್ದರೆ ಸಾಕು. ಅನೇಕ ಮಿರರ್‌ಲೆಸ್ ಕ್ಯಾಮೆರಾಗಳ ರಿಮೋಟ್ ಕೇಬಲ್‌ನಲ್ಲಿ ಇರುವುದು ಗ್ರೌಂಡ್, ಫೋಕಸ್, ಶಟರ್ ಎಂಬ ಮೂರೇ ತಂತಿ, ಉಳಿದೆರಡನ್ನು ಗ್ರೌಂಡಿಗೆ ಸೇರಿಸಿದರೆ ಕ್ಲಿಕ್ ಆಗುತ್ತದೆ. ಬೋರ್ಡಿಗೂ ಕ್ಯಾಮೆರಾಗೂ ನಡುವೆ, ಬೆಳಕಿನ ಮೂಲಕವೇ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಎಂಬ ಬಿಡಿಭಾಗ ಮಾತ್ರ ಇರಲೇಬೇಕು, ಬೋರ್ಡಿನ ಕರೆಂಟು ದುಬಾರಿ ಕ್ಯಾಮೆರಾಗೆ ನುಗ್ಗಬಾರದಲ್ವಾ? ಮೋಟಾರ್ ನಿಂತು ಒಂದೆರಡು ಸೆಕೆಂಡ್ ಬಿಟ್ಟು ಕ್ಲಿಕ್ಕಿಸಿದರೆ ನಡುಕವೂ ಇರುವುದಿಲ್ಲ.

ಚಿಕ್ಕಮಗಳೂರು, ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಅಂತ ಸುಮ್ನೆ ಏನನ್ನೋ ಕೊಂಡು ತರುವ ಬದಲು ಇದನ್ನು ಕಟ್ಟಲಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ, ಅಲ್ಲಿನ ವಿಜ್ಞಾನಿಗಳು ಯಾವ ಕೀಟ, ಯಾವ ಹಂತ ಎಂದು ಹೇಳಿಕೊಡಲಿ. ನಮ್ಮ ತೋಟದ ಕೀಟಗಳ ಇಂಥ ಚಿತ್ರಗಳಿಗೆ ನಿಮ್ಮ ಕೃಷಿ ಪುಟದಲ್ಲೂ ಜಾಗ ಕೊಡಿ.

– ಒಬ್ಬ ಕಾಫಿ ಬೆಳೆಗಾರ, ಚಿಕ್ಕಮಗಳೂರು